ಎದೆಯ ಮೇಲಿನ ಮುಖ

ಎರ್ನಸ್ಟೀನಳ ಗ್ಯಾರೇಜಿನಲ್ಲಿ ಅಂಗಿಗೆ ಫೋಟೊ ಒತ್ತುವ ಯಂತ್ರವಿತ್ತು. ಓಕ್ ಕೋರ್ಟ್ ಕೇರಿಯಲ್ಲಿ ಯಾರ ಮಗ ಗುಂಡೇಟಿಗೆ ಬಿದ್ದರೂ ಮನೆಯವರು ಮೊದಲು ಪಾದ್ರಿಯ ಬಳಿ ಹೋಗಿ, ಅಲ್ಲಿಂದ ನೆಟ್ಟಗೆ ಅವಳ ಬಳಿ ಬರುತ್ತಿದ್ದರು. ಎದೆಯ ಮೇಲೆ ಸತ್ತವನ ನಗುಮುಖ, ಕೆಳಗೆ ಹುಟ್ಟಿದ ದಿನ, ಹೋದ ದಿನ. ಆ ಅಂಗಿ ತೊಡದೆ ಮಣ್ಣಿಗೆ ಹೋದರೆ ಲಾಸ್ ಏಂಜಲೀಸಿನ ಆ ಕೇರಿಯಲ್ಲಿ ಜನ ಮುಖ ಸಿಂಡರಿಸುತ್ತಾರೆ. ರೈಲುಹಳಿಯಾಚೆಯ ವೈರಿ ಬಣದವರೂ ಅವಳ ಬಳಿಗೇ ಬರುತ್ತಿದ್ದರು, ಹಿಂಬಾಗಿಲಿನಿಂದ. ಎಷ್ಟು ಮುಖ ಒತ್ತಿದಳೋ, ಆ ಪಾಪದ ಲೆಕ್ಕ ಅವಳಿಗೆ ಬೇಡ. ಮಗ ಲಾವೆಲನ ಮುಖ ಮಾತ್ರ ಆ ಯಂತ್ರದ ಕೆಳಗೆ ಬರಬಾರದು, ಅಷ್ಟೇ.

ಲಾವೆಲ್‌ಗೆ ಇಪ್ಪತ್ಮೂರು. ರ‍್ಯಾಪ್ ಹಾಡುತ್ತಿದ್ದ. ಆ ಬೇಸಿಗೆಯಲ್ಲಿ ಹಳಿಯಾಚೆಯ ಹಾಡುಗಾರ ಮಾರ್ಕೆಲನೊಡನೆ ಸೇರಿ ಒಂದು ಹಾಡು ಕಟ್ಟಿದ: ಇನ್ನು ಸಾಕು, ಬಂದೂಕು ಕೆಳಗಿಡಿ ಎಂದು. ಹಾಡು ಚೆನ್ನಾಗಿಯೇ ಇತ್ತು, ಸುಳ್ಳೇಕೆ ಹೇಳಬೇಕು. ಎರಡೂ ಬಣದ ಹಿರಿಯರು ಚರ್ಚಿನಲ್ಲಿ ಕೂತು ತಲೆಯಾಡಿಸಿದರು. ಹಾಡಿನ ವಿಡಿಯೊ ಮಾತ್ರ ಹಳಿಯಾಚೆಯ ಆಟದ ಮೈದಾನದಲ್ಲೇ ಆಗಬೇಕೆಂದರು ಆಚೆಯವರು.

ವಿಡಿಯೊಗೆಂದು ಇಬ್ಬರೂ ತಮ್ಮ ತಮ್ಮ ಸತ್ತವರ ಅಂಗಿ ಕೇಳಿದರು. ಎರ್ನಸ್ಟೀನ್ ಇಬ್ಬರನ್ನೂ ಗ್ಯಾರೇಜಿಗೆ ಕರೆದಳು.

"ನಿಮ್ ನಿಮ್ ಸತ್ತೋರನ್ನ ನೀವ್ ನೀವೇ ಹೊತ್ಕೊಂಡು ಕುಣಿದ್ರೆ ಅದ್ಯಾವ ಸೀಮೆ ರಾಜಿ? ಅವನ ಕಡೆಯೋನ್ನ ನೀನು ಹಾಕ್ಕೋ, ನಿನ್ ಕಡೆಯೋನ್ನ ಅವನು ಹಾಕ್ಕೊಳ್ಳಲಿ."

ಮಾರ್ಕೆಲ್ ನೆಲ ನೋಡಿದ. "ನಮ್ ಕಡೆ ಸತ್ತೋನು ಟೈರೀ, ನನ್ ಒಡಹುಟ್ಟಿದ ತಮ್ಮ ಕಣಮ್ಮ. ಅವನ್ ಮುಖ ಇವನ್ ಎದೆ ಮೇಲಾ?"

"ಹ್ಞೂಂ. ನಿಮ್ಮೋನ್ ಯಾವನಾದ್ರೂ ನನ್ ಮಗನಿಗೆ ಗುಂಡು ಹೊಡೀಬೇಕು ಅಂದ್ರೆ ನಿನ್ ತಮ್ಮನ ಮುಖಕ್ಕೇ ಹೊಡೀಬೇಕು. ಕೈ ಬರತ್ತಾ?"

"ಇಲ್ಲ," ಎಂದ ಮಾರ್ಕೆಲ್.

ಲಾವೆಲ್ ನಕ್ಕ. "ನಮ್ಮಮ್ಮಂದು ವಕೀಲರ ತಲೆ. ಅಂಗಿ ಒತ್ಕೊಂಡು ಹಾಳಾದ್ಳು."

"ಹಲ್ಲು ಕಿರೀಬೇಡ. ಮನೆ ಸೇರೋವರೆಗೂ ಅದನ್ನ ಬಿಚ್ಚಕೂಡದು. ನನ್ ಮೇಲೆ ಆಣೆ ಇಡು."

ಅವನು ಅವಳ ನೆತ್ತಿ ಮುಟ್ಟಿ ಆಣೆಯಿಟ್ಟ.

ವಿಡಿಯೊ ದಿನ ಹಳಿಯಾಚೆ ಲಾವೆಲನ ಕೂದಲೂ ಕೊಂಕಲಿಲ್ಲ. ಟೈರೀಯ ಮುಖ ಕಂಡು ಮುದುಕಿಯರು ಅವನನ್ನು ತಬ್ಬಿಕೊಂಡರಂತೆ, ಹುರಿದ ಮೀನು ತಿನ್ನಿಸಿದರಂತೆ. ಸಂಜೆ ಟೋಪಿ ಹಣೆಗೆಳೆದುಕೊಂಡು, ಹಾಡು ಗುನುಗುತ್ತ, ಒಬ್ಬನೇ ಹಳಿ ದಾಟಿ ಬಂದ. ಓಕ್ ಕೋರ್ಟಿನ ಮೂಲೆಯಲ್ಲಿ ಕಾವಲಿದ್ದವನು ಕಾರ್ಡೆಲ್, ಪಕ್ಕದ ಮನೆಯವನು, ಎರ್ನಸ್ಟೀನಳ ಕೈತುತ್ತು ಉಂಡು ಬೆಳೆದವನು. ಹಳಿಯ ಕಡೆಯಿಂದ ಟೈರೀಯನ್ನು ಎದೆಗಿಟ್ಟುಕೊಂಡು ಒಬ್ಬ ಬರುತ್ತಿದ್ದ. ಕಾರ್ಡೆಲ್ ನೋಡಿದ್ದು ಆ ಮುಖವನ್ನು. ಅದರ ಮೇಲಿದ್ದ ಮುಖವನ್ನು ನೋಡಲಿಲ್ಲ; ಗುಂಡು ಹಾರಿಸಿದ.

ಬೇಲಿಯೇ ಎದ್ದು ಹೊಲ ಮೇಯಿತು. ವೈರಿಯ ಗುಂಡನ್ನು ತಡೆಯುವ ಅಂಗಿ ಒತ್ತಿದ ಜಾಣೆಗೆ, ಸ್ವಂತದವರ ಕೈಯಲ್ಲೂ ಬಂದೂಕಿದೆ ಎಂಬುದು ಮರೆತುಹೋಗಿತ್ತು. ಬಿಚ್ಚಬೇಡ ಎಂದವಳೂ ತಾನೇ. ಅವಳು ಕಾರ್ಡೆಲನನ್ನು ಶಪಿಸಲು ಬಾಯಿ ತೆರೆದಾಗಲೆಲ್ಲ ಆ ಮಾತೇ ಅಡ್ಡ ಬರುತ್ತಿತ್ತು.

ಹಾಡು ರೇಡಿಯೊದಲ್ಲಿ ಬಂತು. ಸತ್ತವನ ಹಾಡೆಂದು ದಿನಕ್ಕೆ ಹತ್ತು ಸಲ ಹಾಕಿದರು.

ಮೂರನೆಯ ದಿನ ಮಾರ್ಕೆಲ್ ಬಂದ, ಮೊದಲ ಸಲ ಮುಂಬಾಗಿಲಿನಿಂದ. ಯಂತ್ರ ಬಿಸಿಯಾಗಿತ್ತು. ಅವಳು ಲಾವೆಲನ ಹದಿನೆಂಟನೆಯ ಹುಟ್ಟುಹಬ್ಬದ ಫೋಟೊ ಒತ್ತುತ್ತಿದ್ದಳು.

"ಅಮ್ಮ, ನಮ್ ಕಡೆಯೋರು ಮೂವತ್ತು ಜನ ಮಣ್ಣಿಗೆ ಬರ್ತೀವಿ. ಲಾವೆಲ್ ಅಂಗಿ ನಮಗೂ ಕೊಡಿ. ಹಾಕ್ಕೊಂಡೇ ಊರೆಲ್ಲ ನಡೀತೀವಿ."

ಅವಳು ಮೂವತ್ತು ಎಣಿಸಿ ಮಡಿಸಿ ಅವನ ತೋಳಿಗಿಟ್ಟಳು. ಮೇಲಿನದರ ಮುಖವನ್ನು ಅಂಗೈಯಿಂದ ಒಮ್ಮೆ ಸವರಿದಳು.

"ಸ್ಮಶಾನದಲ್ಲಿ ಹಾಕ್ಕೊಳ್ಳಿ ಮಗನೇ. ವಾಪಸ್ ಹೋಗುವಾಗ ಹಳಿ ದಾಟೋ ಮುಂಚೆ ಬಿಚ್ಬಿಡಿ. ನಿಮಗೂ ಅಮ್ಮಂದಿರಿದಾರೆ."