ಅಕ್ಕನ ಉಸಿರಿನ ಜಾಗ

ಹಾಡುವವರ ಮುಖ ಜನರಿಗೆ, ಬೆನ್ನು ಪಿಯಾನೋದವರಿಗೆ. ಎಲ್ಲರೂ ಚಿಕ್ಕಮ್ಮ ಎಂದೇ ಕರೆಯುವ ಈ ಹೆಂಗಸು ಅರ್ಧ ಆಯುಷ್ಯ ಪಿಯಾನೋ ನುಡಿಸುತ್ತ ನೋಡಿದ್ದು ತನ್ನ ಸ್ವಂತ ಅಕ್ಕನ ಬೆನ್ನನ್ನೇ. ಹೆಸರು, ಹೂಗುಚ್ಛ ಎಲ್ಲ ಅಕ್ಕನಿಗೆ. ಇವಳು ಎಲೆಮರೆಯ ಕಾಯಿ. ಅದರ ಬೇಸರವೇನೂ ಇರಲಿಲ್ಲ. ಅಕ್ಕ ಉಸಿರೆಳೆದುಕೊಳ್ಳುವ ಸದ್ದು ಕೇಳಿದರೆ ಸಾಕು, ಇವಳ ಬೆರಳು ತಾವಾಗಿಯೇ ಕಾಯುತ್ತಿದ್ದವು. ಮನೆಯಲ್ಲಿ ಗಂಡ ಹತ್ತು ಸಲ ಕೂಗಿದರೂ ಕೇಳದ ಕಿವಿ ಅದು!

ಹೋದ ವರ್ಷ ಅಕ್ಕ ಆಸ್ಪತ್ರೆಯಲ್ಲಿ ಉಸಿರಿಗಾಗಿ ಒದ್ದಾಡಿ ತೀರಿಕೊಂಡಳು. ಈಗ ಅಕ್ಕನ ಮಗಳ ಮೊದಲ ಕಾರ್ಯಕ್ರಮ. ಅದು ಕೆಟ್ಟರೆ ಹುಡುಗಿಯನ್ನು ಇನ್ನೊಬ್ಬರು ಕರೆಯುವುದಿಲ್ಲ. ಅಮ್ಮನ ಹೆಸರು ಕೆಡಿಸಿದಳು ಅನ್ನುವುದಕ್ಕೆ ಎಲುಬಿಲ್ಲದ ನಾಲಿಗೆಗಳು ಕಾಯುತ್ತಲೇ ಇರುತ್ತವೆ.

ಅಭ್ಯಾಸದ ಕೋಣೆಯಲ್ಲಿ, ಕೊನೆಯ ಹಾಡಿನ ಉದ್ದನೆಯ ಸಾಲಿನ ನಡುವೆ, ಚಿಕ್ಕಮ್ಮನ ಕೈ ನಿಂತಿತು.

"ಯಾಕೆ ನಿಲ್ಲಿಸ್ದೆ ಚಿಕ್ಕಮ್ಮ?"

"ನೀನು ಉಸಿರು ತಗೊಂಡ್ಯಲ್ಲೇ."

"ನಾನೆಲ್ಲಿ ತಗೊಂಡೆ? ಈ ಸಾಲು ಒಂದೇ ಉಸಿರಲ್ಲಿ ಹಾಡ್ತೀನಿ. ಅಮ್ಮಂಗೆ ಆಗ್ತಿರ್ಲಿಲ್ಲ, ಅಮ್ಮ ಅಲ್ಲಿ ನಿಲ್ತಿದ್ಲು."

ಚಿಕ್ಕಮ್ಮ ಮತ್ತೆ ನುಡಿಸಿದಳು. ಮತ್ತೆ ಅದೇ ಜಾಗದಲ್ಲಿ ನಿಲ್ಲಿಸಿದಳು.

"ಹಾಡಿದ್ದೇ ಹಾಡೋ ಕಿಸಬಾಯಿದಾಸನ ಕಥೆ ಆಯ್ತು ನಿಂದು," ಎಂದು ಹುಡುಗಿ ನಕ್ಕಳು. ಕಣ್ಣಲ್ಲಿ ಮಾತ್ರ ನೀರಿತ್ತು. "ಶನಿವಾರಾನೂ ಹೀಗೇ ಕೈಕೊಟ್ರೆ ನಾನು ಮುಗ್ದೇ ಹೋದೆ."

ಮೂರನೆಯ ಸಲ ಚಿಕ್ಕಮ್ಮ ಹುಡುಗಿಯ ಬೆನ್ನು ನೋಡುತ್ತಲೇ ನುಡಿಸಿದಳು. ಆ ಜಾಗ ಬಂತು. ಬೆನ್ನು ಅಲುಗಲಿಲ್ಲ. ಆದರೂ ಉಸಿರು ಕೇಳಿಸಿತು, ತನ್ನ ಎಡಗಿವಿಯ ಹತ್ತಿರವೇ, ಕೊನೆಯಲ್ಲಿ ಸಣ್ಣಗೆ ಸೀಟಿ ಹೊಡೆಯುವ ಅಕ್ಕನ ಉಸಿರು. ನಿಜ ಹೇಳಬೇಕೆಂದರೆ ಹೆದರಿಕೆಗಿಂತ ಮೊದಲು ಬಂದದ್ದು ಸಂತೋಷ. ಅದನ್ನು ಯಾರ ಹತ್ತಿರ ಹೇಳುವುದು?

ಶನಿವಾರ ಸಭಾಂಗಣ ತುಂಬಿತ್ತು. ಮೊದಲ ಹಾಡುಗಳೆಲ್ಲ ಸಲೀಸಾಗಿ ಹೋದವು. ಕೊನೆಯ ಹಾಡು ಶುರುವಾದಾಗ, ಯಾರೋ ಬಂದು ಕೂತ ಹಾಗೆ, ಚಿಕ್ಕಮ್ಮ ಕೂತಿದ್ದ ಬೆಂಚಿನ ಮೆತ್ತೆ ಎಡಗಡೆ ಸ್ವಲ್ಪ ಕುಗ್ಗಿತು.

ಆ ಸಾಲು ಬಂತು. ಹುಡುಗಿ ಒಂದೇ ಉಸಿರಿನಲ್ಲಿ ಮುಂದೆ ಹೋಗುತ್ತಿದ್ದಳು. ಎಡಗಡೆ ಅಕ್ಕ ಉಸಿರೆಳೆದುಕೊಳ್ಳತೊಡಗಿದಳು. ಚಿಕ್ಕಮ್ಮನ ಬೆರಳು ನಿಲ್ಲಲು ಹವಣಿಸಿದವು. ನಿಂತರೆ ಹುಡುಗಿ ಸೋಲುತ್ತಾಳೆ. ನಿಲ್ಲದಿದ್ದರೆ ಏನು ಎಂದು ಯೋಚಿಸಲು ಪುರುಸೊತ್ತು ಎಲ್ಲಿತ್ತು? ಚಿಕ್ಕಮ್ಮ ಹಲ್ಲು ಕಚ್ಚಿಕೊಂಡು ನುಡಿಸುತ್ತ ಹೋದಳು.

ಎಳೆದ ಉಸಿರು ಅರ್ಧಕ್ಕೇ ಸಿಕ್ಕಿಕೊಂಡಿತು. ಗಂಟಲಲ್ಲಿ ಗೊರಗೊರ ಸದ್ದು, ಆಸ್ಪತ್ರೆಯಲ್ಲಿ ಕೇಳಿದ್ದೇ. ತಡಿ ಕಣೇ ಅನ್ನುವ ಹಾಗೆ ಕೈಯೊಂದು ಚಿಕ್ಕಮ್ಮನ ತೋಳು ಹಿಡಿಯಿತು. ಅವಳು ಕಾಯಲಿಲ್ಲ. ಸಾಲು ಮುಗಿಯುವ ಹೊತ್ತಿಗೆ ಹಿಡಿತ ಸಡಿಲವಾಯಿತು. ಮೆತ್ತೆ ಮೊದಲಿನಂತೆ ಮೇಲೆದ್ದಿತು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹುಡುಗಿ ಓಡಿ ಬಂದು ತಬ್ಬಿಕೊಂಡಳು.

"ಇವತ್ತು ಪೂರ್ತಿ ನನ್ನ ಜೊತೇಲೇ ಇದ್ದೆ ಚಿಕ್ಕಮ್ಮ! ಅಮ್ಮ ಇದ್ದಿದ್ರೆ ಎಷ್ಟು ಖುಷಿ ಪಡ್ತಿದ್ಲು!"

ಚಿಕ್ಕಮ್ಮ ಹೂಂ ಎಂದು ತಲೆಯಾಡಿಸಿದಳು. ಆಸ್ಪತ್ರೆಯಲ್ಲಿ ಅಕ್ಕನಿಗಾಗಿ ಅವಳಿಂದ ಏನೂ ಮಾಡಲಾಗಿರಲಿಲ್ಲ. ಈ ಸಲ ಒಂದು ಉಸಿರಿನಷ್ಟು ಹೊತ್ತು ಕಾದಿದ್ದರೆ ಸಾಕಿತ್ತು.