ಗಾಳಿಯಣ್ಣನಿಲ್ಲದ ಆರ್ಗನ್

ಶವಪೆಟ್ಟಿಗೆ ಚರ್ಚಿನ ಹೊಸ್ತಿಲು ದಾಟುತ್ತಿದ್ದಂತೆ ಆರ್ಗನ್ ಟೀಚರ್ ಎಂದಿನ ಅಭ್ಯಾಸದಲ್ಲಿ ಪಕ್ಕದ ಮರದ ಗೋಡೆಗೆ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ, ಆರ್ಗನ್ನಿನ ಕಪ್ಪು ಬಿಳಿ ಸ್ವರಮನೆಗಳ ಮೇಲೆ ಕೈಯಿಟ್ಟು ಒತ್ತಿದಳು. ನಾದ ಬರಲಿಲ್ಲ. ಇನ್ನೊಮ್ಮೆ ಒತ್ತಿದಳು. ಮನೆಗಳು ಕಟಕಟ ಎಂದವು, ಅಷ್ಟೆ. ಗೋಡೆಯ ಆಚೆ ಕೂತು, ತಿದಿ ಒತ್ತಿ, ಆರ್ಗನ್ನಿಗೆ ಗಾಳಿ ಕೊಡಬೇಕಾದವನು ಆ ಪೆಟ್ಟಿಗೆಯೊಳಗೆ ಮಲಗಿ ಬರುತ್ತಿದ್ದಾನೆ ಎಂಬುದು ಆಗ ಅವಳಿಗೆ ಹೊಳೆಯಿತು.

ಪೆಟ್ಟಿಗೆ ಹೊತ್ತವರು ಹಾಡಿಲ್ಲದೆ ಹೆಜ್ಜೆ ಇಡುವುದೋ ಬೇಡವೋ ತಿಳಿಯದೆ ಹೊಸ್ತಿಲಲ್ಲೇ ನಿಂತರು. ಪಾದ್ರಿಗಳು ಕೆಮ್ಮಿದರು. ಬೆಂಚುಗಳ ಜನವೆಲ್ಲ ಕತ್ತು ತಿರುಗಿಸಿ ಅವಳತ್ತ ನೋಡಿತು. ಸತ್ತವನನ್ನು ಮಣ್ಣು ಮಾಡುವ ದಿನವೇ ಕೆಲಸಕ್ಕೆ ಕರೆದವಳು ಎಂದು ನಾಚಿಕೆಯಿಂದ ಅವಳ ಕಿವಿಯೆಲ್ಲ ಬಿಸಿಯಾಯಿತು.

ಎರಡನೇ ಸಾಲಿನಲ್ಲಿ ಕೂತಿದ್ದ ಸೈಕಲ್ ರಿಪೇರಿಯವನು ಎದ್ದ. ಪಕ್ಕದಲ್ಲಿದ್ದ ಟ್ಯಾಕ್ಸಿ ಡ್ರೈವರನ ತೋಳು ಹಿಡಿದೆಳೆದ.

"ಬಾರೋ, ನಾವೇ ಒತ್ತೋಣ."

"ನಿಂಗೆ ಬರುತ್ತೇನೋ?"

"ಗಾಳಿ ಹೊಡಿಯೋದ್ರಲ್ಲಿ ಬರೋದೇನಿದೆ? ಪಂಪು ಪಂಪೇ ತಾನೆ."

ಪಂಪು ಪಂಪಾಗಿರಲಿಲ್ಲ ಎಂಬುದು ಹಾಡಿನ ಮೊದಲ ಸಾಲಿಗೇ ಎಲ್ಲರಿಗೂ ಗೊತ್ತಾಯಿತು. ಇಬ್ಬರೂ ಜಿದ್ದಿಗೆ ಬಿದ್ದವರಂತೆ ಒತ್ತಿದರೋ ಏನೋ, ಆರ್ಗನ್ ಗೂಳಿಯಂತೆ ಗುಟುರು ಹಾಕಿ, ಅವರು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಆಡಿನ ಮರಿಯಾಯಿತು. ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದವು. ಗಂಡುಮಕ್ಕಳು ಪೆಟ್ಟಿಗೆಗೆ ಹೆಗಲು ಕೊಟ್ಟಿದ್ದರಿಂದ ಮುಂದಿನ ಬೆಂಚಿನಲ್ಲಿ ಒಬ್ಬಳೇ ಕೂತಿದ್ದ, ತೀರಿಕೊಂಡ ಗಾಳಿಯಣ್ಣನ ಹೆಂಡತಿ ತಲೆ ಬಗ್ಗಿಸಿದಳು. ಅವಳ ಭುಜ ಅಲ್ಲಾಡಿದ್ದನ್ನು ನೋಡಿ ಹಿಂದಿನವರು ಅಳುತ್ತಿದ್ದಾಳೆ ಎಂದುಕೊಂಡರು.

ಅವನಿಗೆ ಆ ಹೆಸರು ಬಂದದ್ದು ಸುಮ್ಮನೆ ಅಲ್ಲ. ಬಸ್ ನಿಲ್ದಾಣದ ಬಳಿ ಅವನದೊಂದು ಪಂಕ್ಚರ್ ಅಂಗಡಿ. "ವಾರವೆಲ್ಲ ಟೈರಿಗೆ ಗಾಳಿ, ಭಾನುವಾರ ದೇವರಿಗೆ" ಎಂದು ಅವನೇ ನಗೆಯಾಡುತ್ತಿದ್ದನಂತೆ. ಆರ್ಗನ್ನಿಗೆ ಮೋಟಾರು ಹಾಕಿಸುವ ಮಾತು ಪ್ರತಿ ವರ್ಷ ಸಭೆಯಲ್ಲಿ ಎದ್ದು, ಅದೇ ಸಭೆಯಲ್ಲಿ ಕೂರುತ್ತಿತ್ತು. ಹೇಗೂ ಗಾಳಿಯಣ್ಣ ಇದ್ದನಲ್ಲ. ಮೊನ್ನೆ ಅಂಗಡಿಯಲ್ಲಿ, ಟ್ಯೂಬನ್ನು ತೊಟ್ಟಿಯ ನೀರಿಗೆ ಅದ್ದಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತಾ ಕೂತವನು ಹಾಗೇ ಪಕ್ಕಕ್ಕೆ ವಾಲಿದ.

ಟೀಚರಿಗೆ ಅವನ ಮುಖ ಸರಿಯಾಗಿ ಗೊತ್ತಿರಲಿಲ್ಲ. ತಿದಿಯ ಕೋಣೆಗೆ ಬಾಗಿಲಿರುವುದು ಹಿತ್ತಿಲ ಕಡೆಗೆ. ಅವನು ಅಲ್ಲಿಂದಲೇ ಬಂದು ಅಲ್ಲಿಂದಲೇ ಹೋಗುತ್ತಿದ್ದ. ಅವಳು ನೋಡಿದ್ದು ಹೆಚ್ಚೆಂದರೆ ಸೈಕಲ್ ಏರಿ ಹೊರಟ ಬೆನ್ನು. ಈ ಬೆಳಿಗ್ಗೆ ಅವನ ಮನೆಯಲ್ಲಿ ಪೆಟ್ಟಿಗೆಯ ಬಳಿ ನಿಂತಾಗ, ಆ ಸಣ್ಣ ಗಲ್ಲದ ಮುಖವನ್ನು ಪರಿಚಯ ಮಾಡಿಕೊಳ್ಳುವವಳಂತೆ ನೋಡಿದ್ದಳು. ಆಮೇಲೆ ಪಾದ್ರಿಗಳನ್ನು ಪಕ್ಕಕ್ಕೆ ಕರೆದು, "ನನ್ನದೂ ಇವತ್ತಿಗೆ ಮುಗೀತು, ಭಾನುವಾರಕ್ಕೆ ಬೇರೆಯವರನ್ನ ನೋಡ್ಕೊಳ್ಳಿ" ಎಂದಿದ್ದಳು. ಕೈ ನೋವೆಂದು ನೆಪ ಹೇಳಿದಳು. ನಿಜವನ್ನು ಅವಳು ಒಮ್ಮೆ ಮಾತ್ರ, ಒಬ್ಬರಿಗೆ ಮಾತ್ರ ಹೇಳಿದ್ದಳು.

* * *

ಅದು ಅವಳ ಅಕ್ಕ ತೀರಿಕೊಂಡ ವರ್ಷ. ಮದುವೆಯಾಗದ ಅಕ್ಕತಂಗಿಯರು ಒಂದೇ ಸೂರಿನಡಿ ಕೂದಲು ನೆರೆಸಿಕೊಂಡವರು. ಅಕ್ಕ ಹಾಸಿಗೆ ಹಿಡಿದಾಗ ಗುಣವಾಗಲಿ ಎಂದು ತಂಗಿ ಬೇಡಿದಳು. ಆಗಲಿಲ್ಲ. ನೋವಾದರೂ ಕಡಿಮೆಯಾಗಲಿ ಎಂದು ಬೇಡಿದಳು. ಅದೂ ಆಗಲಿಲ್ಲ. ಮಣ್ಣು ಮಾಡಿ ಮನೆಗೆ ಬಂದು ಮೊಣಕಾಲೂರಿದಾಗ, ಬಾಡಿಗೆಯವರು ಬಿಟ್ಟುಹೋದ ಮನೆಯ ಕದ ಬಡಿದ ಹಾಗಾಯಿತು. ಕೋಪವಾದರೂ ಬಂದಿದ್ದರೆ ಚೆನ್ನಾಗಿತ್ತು. ಕೋಪ ಮಾಡಿಕೊಳ್ಳಲು ಎದುರಿಗೆ ಯಾರಾದರೂ ಇರಬೇಕಲ್ಲ!

ಆದರೂ ಚರ್ಚಿಗೆ ಬರುವುದನ್ನು ಬಿಡಲಿಲ್ಲ. ಆರ್ಗನ್ನಿನ ಮುಂದೆ ಕೂತವಳ ಬೆನ್ನು ಸಭೆಯತ್ತ ಇರುತ್ತಿತ್ತು. ತುಟಿ ಅಲ್ಲಾಡುತ್ತಿಲ್ಲ ಎಂಬುದು ಯಾರಿಗೂ ಕಾಣುತ್ತಿರಲಿಲ್ಲ. "ಟೀಚರ್ ಎಷ್ಟು ಭಕ್ತಿಯಿಂದ ಬಾರಿಸ್ತಾರೆ ನೋಡಿ" ಎಂದು ಹೆಂಗಸರು ಹೊಗಳಿದಾಗ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ಒಂದು ಶನಿವಾರ ಅಭ್ಯಾಸಕ್ಕೆ ಕೂತಾಗ ತಡೆಯಲಾಗಲಿಲ್ಲ. ಚರ್ಚು ಖಾಲಿಯಿತ್ತು. ಹಾಡನ್ನು ನಡುವೆಯೇ ನಿಲ್ಲಿಸಿ ಮರದ ಗೋಡೆಯತ್ತ ತಿರುಗಿದಳು.

"ಅಣ್ಣ, ನನಗೆ ನಂಬಿಕೆ ಹೋಗ್ಬಿಟ್ಟಿದೆ. ಮೇಲೆ ಯಾರಾದ್ರೂ ಕೇಳಿಸ್ಕೊಳ್ತಿದ್ದಾರೆ ಅಂತ ಅನ್ಸೋದೇ ಇಲ್ಲ. ಕಳ್ಳಿ ಥರ ಬಂದು ಕೂತು ಹೋಗ್ತೀನಿ. ಬಾರಿಸೋದು ಬಿಟ್ಬಿಡ್ಲಾ?"

ಅವಳು ಕಾದಳು. ಸ್ವಲ್ಪ ಹೊತ್ತಿನ ಮೇಲೆ ತಿದಿ ಒತ್ತುವ ಹಿಡಿಕೋಲು ಕಿರ್ರೆಂದಿತು. ಅವಳು ಕುಟ್ಟದೆಯೇ ತಿದಿ ಮೆಲ್ಲಗೆ ತುಂಬತೊಡಗಿತು. ಪುಣ್ಯಾತ್ಮನಿಗೆ ಕೇಳಿಸಿಯೇ ಇಲ್ಲ, ಮುಂದಿನ ಹಾಡಿಗೆ ಕಾಯುತ್ತಿದ್ದಾನೆ ಎಂದುಕೊಂಡು ಅವಳು ಆರ್ಗನ್ನಿನ ಮುಚ್ಚಳ ಹಾಕಿ ಎದ್ದಳು. ಮನೆ ಸೇರುವಷ್ಟರಲ್ಲಿ ದೇವರನ್ನೂ ಗಾಳಿಯಣ್ಣನನ್ನೂ ಒಂದೇ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದಳು. ಇಬ್ಬರೂ ಗೋಡೆಯ ಆಚೆ. ಇಬ್ಬರಿಗೂ ಕಿವಿ ಕೇಳಿಸದು. ಮತ್ತೆ ಆ ಮಾತನ್ನು ಅವಳು ಯಾರ ಮುಂದೆಯೂ ಎತ್ತಲಿಲ್ಲ.

* * *

ಪಾದ್ರಿಗಳು ಉಪದೇಶದ ಪ್ರಸಂಗ ಶುರು ಮಾಡಿದಾಗ ಟೀಚರ್ ಪಕ್ಕದ ಬಾಗಿಲಿನಿಂದ ಜಾರಿಕೊಂಡಳು. ಕೊನೆಯ ಹಾಡಿಗಾದರೂ ಹದವಾಗಿ ಒತ್ತುವುದನ್ನು ಆ ಇಬ್ಬರಿಗೆ ಹೇಳಿಕೊಡಬೇಕಿತ್ತು. ಅವರು ಹಿತ್ತಿಲಲ್ಲಿ ಅಂಗಿಯ ಗುಂಡಿ ಬಿಚ್ಚಿ ಏದುಸಿರು ಬಿಡುತ್ತಿದ್ದರು.

"ಗಾಳಿಯಣ್ಣ ಇದನ್ನ ಒಂದೇ ಕೈಲಿ ಒತ್ತುತ್ತಿದ್ದನಾ ಟೀಚರ್?" ಎಂದ ಡ್ರೈವರ್.

"ಗೊತ್ತಿಲ್ಲಪ್ಪ. ನಾನು ನೋಡಿಲ್ಲ."

ಹೇಳಿದ ಮೇಲೆ ಅವಳಿಗೇ ಕಸಿವಿಸಿಯಾಯಿತು. ಕೋಣೆಯ ಬಾಗಿಲು ತೆರೆದೇ ಇತ್ತು. ಮೊದಲ ಸಲ ಒಳಗೆ ಕಾಲಿಟ್ಟಳು. ಕೋಣೆ ಎನ್ನುವುದಕ್ಕಿಂತ ಕಪಾಟು ಎನ್ನಬೇಕು. ಒಂದು ಸ್ಟೂಲು, ಕೈ ಆಡಿ ಆಡಿ ನುಣುಪಾದ ಹಿಡಿಕೋಲು, ಅಂಗಿ ತೂಗುಹಾಕಲು ಒಂದು ಮೊಳೆ. ಕಿಟಕಿಯಿಲ್ಲ. ಇಲ್ಲಿಂದ ಶಿಲುಬೆ ಕಾಣದು, ಪಾದ್ರಿ ಕಾಣರು, ಹಾಡುವ ಜನ ಕಾಣರು. ಮನುಷ್ಯ ಇಷ್ಟು ವರ್ಷ ಏನನ್ನೂ ನೋಡದೆ ಆರಾಧನೆ ಮಾಡಿ ಎದ್ದು ಹೋಗಿದ್ದಾನೆ.

"ಒಳಗೆ ಸೆಕೆ ಅಲ್ವಾ ಟೀಚರ್?"

ಬಾಗಿಲಲ್ಲಿ ಗಾಳಿಯಣ್ಣನ ಹೆಂಡತಿ ನಿಂತಿದ್ದಳು.

"ನೀವ್ಯಾಕಮ್ಮ ಎದ್ದು ಬಂದ್ರಿ?"

"ಅಲ್ಲಿ ಎಲ್ಲರೂ ನನ್ನ ಮುಖಾನೇ ನೋಡ್ತಿದ್ದಾರೆ, ಅತ್ತಳಾ ಇಲ್ವಾ ಅಂತ. ನನಗೆ ಆ ಹಾಡು ಕೇಳಿ ನಗು ತಡ್ಕೊಳ್ಳೋಕಾಗ್ಲಿಲ್ಲ." ಅವಳು ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. "ಟೀಚರ್, ನಿಮ್ಮ ಆ ಕಷ್ಟ ಈಗ ಹೇಗಿದೆ?"

"ಯಾವ ಕಷ್ಟ?"

"ನನಗೇನು ಗೊತ್ತು? ಒಂದು ಶನಿವಾರ ಮನೆಗೆ ಬಂದ ನಮ್ಮವರು ತಟ್ಟೆ ಮುಟ್ಟಲಿಲ್ಲ. 'ಟೀಚರ್ ಒಂದು ಮಾತು ಕೇಳಿದ್ರು ಕಣೇ, ನನ್ನ ಬಾಯಿಗೆ ಉತ್ತರ ಬರ್ಲಿಲ್ಲ. ಗೊತ್ತಿದ್ದದ್ದು ಗಾಳಿ ಹಾಕೋದು, ಹಾಕ್ದೆ' ಅಂದ್ರು. ಏನು ಕೇಳಿದ್ರು ಅಂತ ನಾನಂದ್ರೆ, 'ಅದು ನಿನಗೆ ಹೇಳೋದಲ್ಲ' ಅಂತ ನನ್ನ ಬಾಯಿ ಮುಚ್ಚಿಸಿದ್ರು. ಅವತ್ತಿಂದ ದಿನಾ ಪ್ರಾರ್ಥನೇಲಿ ನಮ್ಮ ಮಕ್ಕಳಾದ ಮೇಲೆ ನೀವು. ಮೊನ್ನೆ ಬೆಳಿಗ್ಗೇನೂ ನಿಮ್ಮ ಹೆಸರು ಹೇಳೇ ಅಂಗಡಿಗೆ ಹೋದ್ರು."

ಟೀಚರ್ ಗೋಡೆಗೆ ಕೈ ಊರಿದಳು. ಅವಳು ಬಡಿಯುವುದನ್ನು ಬಿಟ್ಟ ಕದವನ್ನು ಅವಳ ಪರವಾಗಿ ಇನ್ನೊಬ್ಬ ದಿನವೂ ಬಡಿದಿದ್ದ, ಅವಳಿಗೆ ಒಂದು ಮಾತೂ ಹೇಳದೆ.

"ಅವರಿಗೆ ಯಾವತ್ತೂ ಅನುಮಾನ ಬರ್ತಿರಲಿಲ್ವಾ ಅಮ್ಮ?"

"ಬರದೆ ಏನು? ನಮ್ಮ ಮೊದಲನೇ ಮಗು ಹೋದಾಗ ಚರ್ಚಿನ ಕಡೆ ತಲೆ ಹಾಕಿರಲಿಲ್ಲ. ಆಮೇಲೆ ಈ ಕೋಣೆ ಹಿಡಿದ್ರು. 'ಜನರ ಜೊತೆ ಕೂತು ಹಾಡೋಕೆ ಆಗಲ್ಲ, ಇಲ್ಲಿ ಕೂತು ಒತ್ತೋಕೆ ಆಗುತ್ತೆ' ಅಂತ. ಒತ್ತುತ್ತಾ ಒತ್ತುತ್ತಾ ಯಾವಾಗ ಸರಿಹೋದ್ರೋ ಅವರಿಗೂ ಗೊತ್ತಿಲ್ಲ." ಅವಳು ಸೆರಗನ್ನು ಸೊಂಟಕ್ಕೆ ಬಿಗಿದು ಹಿಡಿಕೋಲಿಗೆ ಕೈ ಹಾಕಿದಳು. "ಹೋಗಿ, ಪ್ರಸಂಗ ಮುಗೀತು. ನಾನು ಒತ್ತುತ್ತೀನಿ."

"ಇವತ್ತಾ? ಜನ ಏನಂತಾರೆ?"

"ಅಂದ್ಕೊಳ್ಲಿ ಬಿಡಿ. ಅವರಿಗೆ ಜ್ವರ ಬಂದಾಗೆಲ್ಲ ಯಾರು ಒತ್ತುತ್ತಿದ್ರು ಅಂತ ತಿಳ್ಕೊಂಡಿದ್ರಿ?"

ಟೀಚರ್ ಹಿಂತಿರುಗಿ ಆರ್ಗನ್ನಿನ ಮುಂದೆ ಕೂತಳು. ಕುಟ್ಟುವ ಮೊದಲೇ ತಿದಿ ತುಂಬಿತ್ತು. ಅವಳು ಕೈಯಿಟ್ಟಾಗ ನಾದ ಏರಿಳಿತವಿಲ್ಲದೆ, ಹದವಾಗಿ ಎದ್ದಿತು. ಜನ ಎದ್ದು ನಿಂತು ಹಾಡತೊಡಗಿದರು. ಪೆಟ್ಟಿಗೆ ಭುಜಕ್ಕೇರಿತು. ಅದು ಬಾಗಿಲ ಕಡೆ ತಿರುಗಿದ್ದನ್ನು ಆರ್ಗನ್ನಿನ ಮೇಲಿದ್ದ ಸಣ್ಣ ಕನ್ನಡಿಯಲ್ಲಿ ಕಂಡು, "ಕರ್ತನೇ, ಈ ಅಣ್ಣನನ್ನ ಚೆನ್ನಾಗಿ ನೋಡ್ಕೋ" ಎಂದಳು. ಹೇಳಿದ ಮೇಲೆಯೇ ತಾನು ಯಾರನ್ನೋ ಬೇಡಿಕೊಂಡೆ ಎಂಬುದು ಅವಳ ಅರಿವಿಗೆ ಬಂತು. ಕದದ ಆಚೆ ಯಾರೂ ಇಲ್ಲ ಎಂದು ಆ ಗಳಿಗೆಯಲ್ಲಿ ಅವಳಿಗೆ ಅನ್ನಿಸಲೇ ಇಲ್ಲ.

ಹಾಡು ಮುಗಿಯಿತು. ಬಾಗಿಲಲ್ಲಿ ಗಾಳಿಯಣ್ಣನ ತಮ್ಮ ಸುತ್ತ ನೋಡಿದ.

"ಅತ್ತಿಗೆ ಎಲ್ಲಿ? ಪೆಟ್ಟಿಗೆ ಹೊರಟಿದೆ!"

"ಒಳಗೆ ತಿದಿ ಒತ್ತುತ್ತಿದ್ದಾರೆ" ಎಂದ ಸೈಕಲ್ ರಿಪೇರಿಯವನು.

"ಏನು?"

ಪಾದ್ರಿಗಳು ಅವನ ಭುಜ ಮುಟ್ಟಿದರು. "ಸ್ವಲ್ಪ ನಿಲ್ಲಪ್ಪ."

ಮುಂದಿನ ಬೆಂಚು ಖಾಲಿಯಿತ್ತು. ಪೆಟ್ಟಿಗೆ ಹೊತ್ತವರು ಬಿಸಿಲಿಗೆ ಅರ್ಧ ಹೋಗಿ, ನೆರಳಲ್ಲಿ ಅರ್ಧ ಉಳಿದು ಕಾಯುತ್ತಿದ್ದರು. ಗೋಡೆಯ ಆಚೆ ಹಿಡಿಕೋಲು ನಿಲ್ಲಲಿಲ್ಲ. ಗಾಳಿ ಬರುತ್ತಲೇ ಇತ್ತು. ಟೀಚರ್ ಮತ್ತೆ ಹಾಡಿನ ಮೊದಲ ಸಾಲಿಗೆ ಹೋದಳು. ಈ ಸಲ ಜನ ಸುಮ್ಮನಿದ್ದರು. ವರ್ಷಗಳಿಂದ ಹಾಡದ ಅವಳ ಗಂಟಲು ಒಡೆದು, ತಪ್ಪಿ, ಒಬ್ಬಳದೇ ದನಿಯಾಗಿ ಮೇಲೆದ್ದಿತು.