ಗೋಡೆಯೊಳಗಿನ ಪಾಚಿ

ಮನೆ ಕೆಡವಬೇಕೋ ಉಳಿಸಬೇಕೋ ಅನ್ನುವುದನ್ನು ಗೋಡೆಯ ಬುಡದಿಂದ ಎರಡನೆಯ ದಿಮ್ಮಿಯೇ ಹೇಳಲಿ ಎಂದು ಅಕ್ಕ ತಮ್ಮ ಒಪ್ಪಿಕೊಂಡಿದ್ದರು. ಟೆಲೆಮಾರ್ಕ್ ಎಂಬ ಚಳಿಸೀಮೆಯ ಆ ಹಳೆಯ ಮರದ ಮನೆಯ ಬುಡದ ದಿಮ್ಮಿ ಕೊಳೆತು ಹಿಟ್ಟಾಗಿತ್ತು. ಗಾಳಿ ನುಗ್ಗುತ್ತದೆಂದು ಅಪ್ಪ, ಪುಣ್ಯಾತ್ಮ, ಹೊರಗೋಡೆಗೆಲ್ಲ ಪ್ಲಾಸ್ಟಿಕ್ ಬಣ್ಣ ಬಳಿದುಬಿಟ್ಟಿದ್ದ. ತೇವ ಹೊರಬೀಳಲು ದಾರಿಯಾದರೂ ಎಲ್ಲಿ? ಅದರ ಮೇಲಿನ ದಿಮ್ಮಿಯೂ ಹೋಗಿದ್ದರೆ ಅಕ್ಕ ಗುನ್ವೋರ್ ಮರುಮಾತಾಡದೆ ಹುಟ್ಟಿದ ಮನೆಯನ್ನು ಬಿಟ್ಟುಕೊಡಬೇಕು. ಭಯಕ್ಕೆ ಅವಳಿಗೆ ಬೆಳಗಿನ ಕಾಫಿಯೂ ಇಳಿದಿರಲಿಲ್ಲ.

"ಬುಲ್ಡೋಜರ್‌ನವನು ಮಧ್ಯಾಹ್ನಕ್ಕೆ ಬರ್ತಾನಕ್ಕಾ," ಎಂದ ತಮ್ಮ ತಾರ್ಯೈ. "ಬೇಕಾದ್ದು ಏನಿದ್ರೂ ಈಗ್ಲೇ ಎತ್ತಿಟ್ಕೋ."

"ನಿನ್ ಬಾಯಿಗೆ ಮಣ್ಣು ಹಾಕ! ಸುಮ್ನೆ ನಿಂತ್ಕೊಳ್ಳೋ."

ಬಡಗಿ ಓಸ್ಮುಂಡ್ ಗೋಡೆಯನ್ನೆತ್ತಲು ಅಡಿಗಿಟ್ಟಿದ್ದ ಜಾಕ್ ತಿರುಗಿಸಿದ. ಗೋಡೆ ನರಳುತ್ತ ಗೇಣುದ್ದ ಎದ್ದಿತು. ಕೊಳೆತದ್ದನ್ನೆಲ್ಲ ಬಾಚಿ ತೆಗೆದಾಗ ಎರಡನೆಯ ದಿಮ್ಮಿಯ ಅಡಿಭಾಗ ಕಂಡಿತು. ಕಪ್ಪಗಿತ್ತು, ಒದ್ದೆಯಾಗಿತ್ತು.

"ಮುಗೀತಲ್ಲ," ಎಂದ ತಾರ್ಯೈ.

"ತಡೀರಿ," ಎಂದು ಓಸ್ಮುಂಡ್ ಉಳಿಯಿಂದ ಆ ಕಪ್ಪನ್ನು ಕೆರೆದ. ಅದು ಮರವಲ್ಲ, ಚಳಿ ಬಾರದಂತೆ ದಿಮ್ಮಿಯ ಸಂದಿಗೆ ತುಂಬಿದ್ದ ಕಾಡಿನ ಪಾಚಿ. ಮೇಲ್ಪದರ ಮಾತ್ರ ಕಪ್ಪು. ಅದರ ಹಿಂದೆ ಹಸಿರು! ಮನೆ ಕಟ್ಟಿದಂದಿನಿಂದ ಇನ್ನೂರೆಂಬತ್ತು ವರ್ಷ ಸೂರ್ಯನನ್ನೇ ಕಾಣದ ಪಾಚಿ, ನಿನ್ನೆ ಕಾಡಿನಿಂದ ತಂದಂತೆ ಹಸಿರಾಗಿತ್ತು. ಅದರ ಮೇಲಿನ ಮರ ಗಟ್ಟಿಯಾಗಿತ್ತು, ಬಡಿದರೆ ಠಣ್ ಎನ್ನುತ್ತಿತ್ತು.

ಗುನ್ವೋರ್ ಮಣ್ಣಿನಲ್ಲೇ ಅಂಗಾತ ಮಲಗಿ ಒಳಗೆ ನೋಡಿದಳು. ಪಾಚಿಯನ್ನು ಹಿಡಿ ಹಿಡಿಯಾಗಿ ಒತ್ತಿದ್ದರು. ಪ್ರತಿ ಹಿಡಿಯಲ್ಲೂ ನಾಲ್ಕು ಬೆರಳಿನ ಗುಳಿ, ಸಾಲಾಗಿ, ಗೋಡೆಯುದ್ದಕ್ಕೂ. ಅಯ್ಯೋ ದೇವರೇ, ಎಂಥ ತಾಳ್ಮೆ! ಅವಳು ತನ್ನ ಬೆರಳುಗಳನ್ನು ಆ ಗುಳಿಗಳಲ್ಲಿಟ್ಟಳು. ಸರಿಯಾಗಿ ಕೂತವು.

ತಾರ್ಯೈ ಕೂಡ ಮಂಡಿಯೂರಿ ಕೈ ಹಾಕಿದ. ಅವನ ದಪ್ಪ ಬೆರಳು ಹಿಡಿಸಲಿಲ್ಲ.

"ಹಾಲ್ವರ್ ತಾತನ ಕೈ ಇಷ್ಟು ಸಣ್ಣದಾ?" ಎಂದ. ಮನೆ ಕಟ್ಟಿದ ಪೂರ್ವಿಕನೆಂದು ಬಾಗಿಲ ಮೇಲೆ ಕೆತ್ತಿದ್ದು ಆ ಹೆಸರೊಂದೇ.

"ನಮ್ಮನೇಲಿ ಕೊಡಲಿ ಗಂಡಸರದ್ದು, ಪಾಚಿ ಹೆಂಗಸರದ್ದು ಅಂತ ಅಜ್ಜಿ ಹೇಳ್ತಿರ್ಲಿಲ್ವೇನೋ? ಇದು ಅವನ ಹೆಂಡ್ತಿ ಕೈ."

ತಾರ್ಯೈ ಎದ್ದು ಫೋನ್ ಮಾಡಿ ಬುಲ್ಡೋಜರ್ ಬೇಡವೆಂದ. ಮತ್ತೆ ಗೋಡೆಯ ಬಳಿ ಬಂದು ಮೆಲ್ಲಗೆ ಕೇಳಿದ:

"ಅವಳ ಹೆಸರೇನಕ್ಕಾ?"

"ಗೊತ್ತಿಲ್ಲ ಕಣೋ," ಎಂದಳು ಗುನ್ವೋರ್, ಗುಳಿಯಿಂದ ಕೈ ತೆಗೆಯದೆ. "ಯಾರೂ ಕೇಳ್ಲೇ ಇಲ್ಲ."